ಎದೆಯ ಬಿಸಿ, ಅಟ್ಟದ ಭಾರ: ಮಾರ್ಮನ್ ಸಭೆಯನ್ನು ಸದಸ್ಯರು ಬಿಡುವುದೇಕೆ

ಪ್ರತಿ ತಿಂಗಳ ಮೊದಲ ಭಾನುವಾರ ಮಾರ್ಮನ್ನರ ಆರಾಧನೆಯಲ್ಲಿ ಮೊದಲೇ ಗೊತ್ತುಮಾಡಿದ ಭಾಷಣಕಾರರು ಇರುವುದಿಲ್ಲ. ಬಂದವರೆಲ್ಲ ಎರಡು ಹೊತ್ತಿನ ಊಟ ಬಿಟ್ಟಿರುತ್ತಾರೆ. ಆ ಊಟಕ್ಕೆ ಆಗುತ್ತಿದ್ದ ಹಣ ಬಡವರ ನಿಧಿಗೆ ಹೋಗುತ್ತದೆ. ಮನಸ್ಸಾದವರು ಎದ್ದು ಮೈಕಿನ ಮುಂದೆ ನಿಂತು ಒಂದೆರಡು ನಿಮಿಷ ಮಾತಾಡುತ್ತಾರೆ. ಮಾತು ಬೇರೆಬೇರೆಯಾದರೂ ಎಲ್ಲರೂ ಬಂದು ನಿಲ್ಲುವ ವಾಕ್ಯ ಒಂದೇ: ಈ ಸಭೆ ಸತ್ಯವೆಂದು ನನಗೆ ಗೊತ್ತು. ‘ನಂಬುತ್ತೇನೆ’ ಅಲ್ಲ, ‘ಗೊತ್ತು’. ನಾಲ್ಕೈದು ವರ್ಷದ ಮಗುವೂ ಸ್ಟೂಲು ಹತ್ತಿ ನಿಂತು, ತಾಯಿ ಕಿವಿಯಲ್ಲಿ ಉಸುರಿದ ಹಾಗೆ ಅದನ್ನೇ ಒಪ್ಪಿಸಿ ಇಳಿಯುತ್ತದೆ.

ಇಂದಿನ ಮಾತೆಲ್ಲ ಈ ‘ಗೊತ್ತು’ ಎಂಬ ಪದದ ಸುತ್ತ. ಅದು ಹೇಗೆ ಕಟ್ಟಲ್ಪಡುತ್ತದೆ, ಏನನ್ನೆಲ್ಲ ಹೊರುತ್ತದೆ, ಯಾವಾಗ ಬಿರುಕು ಬಿಡುತ್ತದೆ ಎಂದು ನೋಡಿದರೆ ಜನ ಬಿಡುವುದೇಕೆ ಎಂಬುದು ತಾನಾಗಿ ತಿಳಿಯುತ್ತದೆ. ಈ ಪಂಥದ ಪೂರ್ತಿ ಹೆಸರು ‘ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’. ‘ಮಾರ್ಮನ್’ ಎಂಬ ಅಡ್ಡಹೆಸರು ಬೇಡವೆಂದು ಅದರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ಆದರೆ ಜನರ ಬಾಯಲ್ಲಿ ಉಳಿದಿರುವುದು ಆ ಚಿಕ್ಕ ಹೆಸರೇ ಆದ್ದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ. ನಮ್ಮವರಿಗೆ ಇದು ತೀರ ದೂರದ ವಿಷಯವೂ ಅಲ್ಲ. ಭಾರತದ ಮೊದಲ ಮಾರ್ಮನ್ ಟೆಂಪಲ್ (ವಾರದ ಆರಾಧನೆಯ ಮನೆಯಲ್ಲ, ವಿಶೇಷ ವಿಧಿಗಳ ಮಂದಿರ) ಬೆಂಗಳೂರಿನಲ್ಲಿ ಎಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. 2020ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಭೂಮಿ ಅಗೆದರು. ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ನಾಮಫಲಕ ತೊಟ್ಟು ಜೋಡಿಯಾಗಿ ಓಡಾಡುವ ಹುಡುಗರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ.

ಆ ಹುಡುಗರು ಕಲಿಸುವ ಕ್ರಮ ಬಹಳ ಸರಳ. ಚಿನ್ನದ ಹಲಗೆಗಳಿಂದ ಅನುವಾದವಾದದ್ದೆಂದು ಅವರು ನಂಬುವ ಧರ್ಮಗ್ರಂಥವಾದ ‘ಮಾರ್ಮನ್ ಗ್ರಂಥ’ದ ಕೊನೆಯ ಭಾಗದಲ್ಲಿ, ಮೊರೋನಿಯ ಹತ್ತನೆಯ ಅಧ್ಯಾಯದಲ್ಲಿ, ಮೂರರಿಂದ ಐದನೆಯ ವಚನಗಳಲ್ಲಿ ಒಂದು ವಾಗ್ದಾನವಿದೆ. ಗ್ರಂಥವನ್ನು ಓದು, ದೇವರು ಮನುಷ್ಯರಿಗೆ ತೋರಿದ ಕರುಣೆಯನ್ನು ನೆನೆ, ಆಮೇಲೆ ಪ್ರಾಮಾಣಿಕ ಹೃದಯದಿಂದ, ನಿಜವಾದ ಉದ್ದೇಶದಿಂದ, ಕ್ರಿಸ್ತನಲ್ಲಿ ನಂಬಿಕೆಯಿಟ್ಟು ದೇವರನ್ನೇ ಕೇಳು, ಪವಿತ್ರಾತ್ಮನ ಮೂಲಕ ಸತ್ಯ ತಿಳಿಯುತ್ತದೆ. ಉತ್ತರ ಬಂದದ್ದು ಗೊತ್ತಾಗುವುದು ಹೇಗೆ? 1829ರ ಏಪ್ರಿಲ್‌ನಲ್ಲಿ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ತನ್ನ ಬರಹಗಾರ ಆಲಿವರ್ ಕೌಡರಿಗೆ ಕೊಟ್ಟ ದೈವಪ್ರಕಟಣೆಯೊಂದು ಅದಕ್ಕೆ ಆಧಾರ: ಸರಿಯಾದುದಾದರೆ ಎದೆ ಒಳಗೆ ಬೆಚ್ಚಗಾಗುತ್ತದೆ, ತಪ್ಪಾದರೆ ಬುದ್ಧಿಗೆ ಮಂಕು ಕವಿಯುತ್ತದೆ. ಕಣ್ಣು ತುಂಬುವುದು, ಮನಸ್ಸು ತಿಳಿಯಾಗುವುದು, ಗಂಟಲು ಕಟ್ಟುವುದು, ಇವನ್ನೆಲ್ಲ ಮಿಷನರಿ ಮೆಲ್ಲಗೆ ಗುರುತಿಸಿ ಹೆಸರು ಕೊಡುತ್ತಾನೆ: ‘ಇದು ಪವಿತ್ರಾತ್ಮ.’ ಹೆಸರಿಡುವ ಈ ಗಳಿಗೆಯನ್ನು ಮರೆಯಬೇಡಿ. ಅನುಭವ ಒಬ್ಬರದು, ಅದಕ್ಕೆ ಅಂಟಿಸುವ ಚೀಟಿ ಇನ್ನೊಬ್ಬರದು.

ಅನುಭವವೇ ಸುಳ್ಳೆಂದು ಹೇಳಲು ಇಲ್ಲಿ ಯಾರೂ ಹೊರಟಿಲ್ಲ. ಬಿಟ್ಟವರಲ್ಲಿಯೂ ಹೆಚ್ಚಿನವರು ಹಾಗೆ ಹೇಳುವುದಿಲ್ಲ. ತೊಡಕಿರುವುದು ಪರೀಕ್ಷೆಯ ರಚನೆಯಲ್ಲಿ. ಉತ್ತರ ಬಂದರೆ ಗ್ರಂಥ ಸತ್ಯ. ಬರದಿದ್ದರೆ ಹೃದಯ ಪ್ರಾಮಾಣಿಕವಾಗಿರಲಿಲ್ಲ, ಉದ್ದೇಶ ನಿಜವಾಗಿರಲಿಲ್ಲ, ಇನ್ನೊಮ್ಮೆ ಕೇಳಬೇಕು. ‘ಇಲ್ಲ’ ಎಂಬ ಉತ್ತರಕ್ಕೆ ಕಾಗದದ ಮೇಲೆ ಜಾಗವಿದೆ, ರೂಢಿಯಲ್ಲಿ ಇಲ್ಲ. ಸೋತ ಪರೀಕ್ಷೆಯೆಲ್ಲ ಪರೀಕ್ಷೆ ಬರೆದವನ ಖಾತೆಗೇ ಹೋಗುತ್ತದೆ. ಉತ್ತರ ಸಿಗದೆ ಹತ್ತಾರು ವರ್ಷ ಮಂಡಿಯೂರಿದವರು ‘ನನ್ನಲ್ಲೇ ಏನೋ ಕೊರತೆ’ ಎಂದು ನವೆದಿರುವುದು ಇದರಿಂದಲೇ.

ಇನ್ನೊಂದು ಸಲಹೆಯೂ ಚಾಲ್ತಿಯಲ್ಲಿದೆ. ಸಾಕ್ಷಿ ಸಿಕ್ಕ ಮೇಲೆ ಹೇಳುವುದಲ್ಲ, ಹೇಳುತ್ತ ಹೋದರೆ ಸಾಕ್ಷಿ ಸಿಗುತ್ತದೆ ಎಂಬ ಅರ್ಥದ ಮಾತನ್ನು ಸಭೆಯ ಅಪೊಸ್ತಲ (ಹಿರಿಯ ನಾಯಕ) ಬಾಯ್ಡ್ ಪ್ಯಾಕರ್ 1980ರ ದಶಕದ ಆರಂಭದಲ್ಲಿ ಹೇಳಿದರು. ಇಂದಿಗೂ ಅದನ್ನು ಉದಾಹರಿಸುತ್ತಾರೆ. ನಮ್ಮ ಭಾಷೆಯಲ್ಲಿ ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ಆ ಪದದ ಒಳಗೇ ಕಣ್ಣಿದೆ. ಕಂಡು ಆಮೇಲೆ ಹೇಳುವುದು ಕೋರ್ಟಿನ ಕ್ರಮ. ಇಲ್ಲಿ ಹೇಳಿ ಹೇಳಿ ಕಾಣುವುದು.

ಹೀಗೆ ಸಿಕ್ಕ ಒಂದು ಅನುಭವ ಎಷ್ಟು ಭಾರ ಹೊರಬೇಕೆಂದು ಈಗ ನೋಡೋಣ. ಮಾರ್ಮನ್ ಗ್ರಂಥದ ಪ್ರಸ್ತಾವನೆಯಲ್ಲೇ ಸರಪಳಿ ಬಿಡಿಸಿ ಹೇಳಿದೆ: ಈ ಗ್ರಂಥಕ್ಕೆ ದೈವಿಕ ಸಾಕ್ಷಿ ಪಡೆದವರು ಅದೇ ಶಕ್ತಿಯಿಂದ ಯೇಸು ಲೋಕರಕ್ಷಕನೆಂದೂ, ಜೋಸೆಫ್ ಸ್ಮಿತ್ ಪ್ರವಾದಿಯೆಂದೂ, ಈ ಸಭೆಯೇ ದೇವರ ರಾಜ್ಯವೆಂದೂ ತಿಳಿಯುವರು. ಅಲ್ಲಿಂದ ಮುಂದಕ್ಕೆ, ಇಂದಿನ ಅಧ್ಯಕ್ಷರೂ ಪ್ರವಾದಿ. ಆದ್ದರಿಂದ ಆದಾಯದ ಹತ್ತರಲ್ಲೊಂದು ಪಾಲು ಸಭೆಗೆ. ಆದ್ದರಿಂದ ಹುಡುಗರು ಹದಿನೆಂಟಕ್ಕೆ ಎರಡು ವರ್ಷ ಮಿಷನ್‌ಗೆ. ಆದ್ದರಿಂದ ಮದ್ಯ, ತಂಬಾಕು, ಚಹಾ, ಕಾಫಿ ನಿಷೇಧ. (1833ರ ಮೂಲ ಪಠ್ಯದಲ್ಲಿರುವುದು ‘ಬಿಸಿ ಪಾನೀಯ’ ಎಂದಷ್ಟೆ. ಅದನ್ನು ಚಹಾ ಕಾಫಿ ಎಂದು ಅರ್ಥಮಾಡಿಕೊಂಡರು. ಹಾಗಾಗಿ ಬಿಸಿ ಬಾದಾಮಿ ಹಾಲಿಗೆ ಅಡ್ಡಿಯಿಲ್ಲ, ತಣ್ಣಗಾದ ಫಿಲ್ಟರ್ ಕಾಫಿಗೆ ಇದೆ.)

ಈ ಗ್ರಂಥ ನಮ್ಮ ಧರ್ಮದ ಕಮಾನಿನ ನೆತ್ತಿಗಲ್ಲು ಎಂದು ಜೋಸೆಫ್ ಸ್ಮಿತ್ 1841ರಲ್ಲಿ ಹೇಳಿದ. ನೆತ್ತಿಗಲ್ಲು ಗಟ್ಟಿಯಿದ್ದಷ್ಟು ಕಾಲ ಕಮಾನಿನ ಮೇಲೆ ಆನೆ ನಡೆಸಬಹುದು. ಅದು ಜಾರಿದರೆ ಒಂದು ಕಲ್ಲೂ ನಿಲ್ಲದು. 2003ರ ಏಪ್ರಿಲ್ ಮಹಾಸಮ್ಮೇಳನದಲ್ಲಿ ಅಧ್ಯಕ್ಷ ಗಾರ್ಡನ್ ಹಿಂಕ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದರು: ಸಭೆ ಒಂದೋ ಸತ್ಯ, ಇಲ್ಲವೇ ವಂಚನೆ, ನಡುದಾರಿ ಇಲ್ಲ. ಭಕ್ತರಲ್ಲಿ ಧೈರ್ಯ ತುಂಬಲು ಆಡಿದ ಮಾತು ಅದು. ಮುಂದೆ ಸಾವಿರಾರು ಜನ ಅದನ್ನೇ ಅಕ್ಷರಶಃ ಹಿಡಿದುಕೊಂಡು ಬಾಗಿಲು ದಾಟಿದರು. ನಡುದಾರಿ ಇಲ್ಲವೆಂದು ಮನೆಯಲ್ಲೇ ಕಲಿತವರಿಗೆ ಕಷ್ಟ ಬಂದಾಗ ನಡುದಾರಿ ಕಾಣುವುದಿಲ್ಲ.

ಬಿಡುವವರಲ್ಲಿ ಎರಡು ಬಗೆ. ಹೊಸದಾಗಿ ಸೇರಿ ವರ್ಷದೊಳಗೆ ಬರುವುದನ್ನು ನಿಲ್ಲಿಸುವವರು ಒಂದು. ಅವರ ಕಾರಣ ಸಾಮಾನ್ಯವಾಗಿ ಸಣ್ಣದು: ಗೆಳೆಯರಿಲ್ಲ, ಆರಾಧನಾ ಸ್ಥಳ ದೂರ, ದೀಕ್ಷಾಸ್ನಾನ ಕೊಟ್ಟ ಮಿಷನರಿ ಬೇರೆ ಊರಿಗೆ ಹೋದ. ಹೊಸಬರಿಗೆ ಒಬ್ಬ ಸ್ನೇಹಿತ, ಒಂದು ಹೊಣೆ, ದೇವರ ವಾಕ್ಯದ ಪೋಷಣೆ, ಈ ಮೂರೂ ಬೇಕೆಂದು ಹಿಂಕ್ಲಿಯವರೇ 1997ರಲ್ಲಿ ಹೇಳಿದ್ದರು. ರೋಗ ಹಿಡಿದದ್ದು ಸರಿಯಾಗಿಯೇ ಇತ್ತು. ಎರಡನೆಯ ಬಗೆಯವರು ಮಾರ್ಮನ್ನರ ನೆಲೆಯಾದ ಅಮೆರಿಕದ ಯೂಟಾ ರಾಜ್ಯದ ಐದಾರು ತಲೆಮಾರಿನ ಕುಟುಂಬದವರು. ಎಂಟನೆಯ ವಯಸ್ಸಿಗೆ ದೀಕ್ಷಾಸ್ನಾನ ಪಡೆದು, ಮಿಷನ್ ಮುಗಿಸಿ, ಟೆಂಪಲ್ಲಿನಲ್ಲಿ ಮದುವೆಯಾಗಿ, ಬಿಷಪ್ಪನ (ಸ್ಥಳೀಯ ಸಭೆಯ ಮುಖ್ಯಸ್ಥನ) ಕೆಲಸವನ್ನೂ ಮಾಡಿ, ನಲವತ್ತರ ಆಸುಪಾಸಿನಲ್ಲಿ ಬಿಡುವವರು. ವಿವರಣೆ ಬೇಡುವುದು ಇವರದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ಮಾರ್ಮನ್ನರಾಗಿ ಬೆಳೆದವರ ಪೈಕಿ ದೊಡ್ಡವರಾದ ಮೇಲೂ ಹಾಗೆಯೇ ಗುರುತಿಸಿಕೊಂಡವರು 2007ರಲ್ಲಿ ಶೇ. 70, 2014ರಲ್ಲಿ ಶೇ. 64.

ಇವರನ್ನು ಕುರಿತು ವಾರ್ಡಿನಲ್ಲಿ, ಅಂದರೆ ಆ ಬಡಾವಣೆಯ ಸಭೆಯಲ್ಲಿ, ಹರಡುವ ಮಾತು ಮೂರೇ. ಯಾರೋ ಏನೋ ಅಂದದ್ದಕ್ಕೆ ಮುನಿಸಿಕೊಂಡರು, ಪಾಪ ಮಾಡುವ ಆಸೆ, ಸೋಮಾರಿತನ. ಇದು ಸರಿಯಲ್ಲವೆಂದು ಸಭೆಯ ಅತ್ಯುನ್ನತ ಆಡಳಿತ ಮಂಡಳಿಯಾದ ಮೊದಲ ಅಧ್ಯಕ್ಷ ಮಂಡಳಿಯ ಡೀಟರ್ ಉಕ್ಡಾರ್ಫ್ 2013ರ ಅಕ್ಟೋಬರ್‌ನಲ್ಲಿ ವೇದಿಕೆಯಿಂದಲೇ ಹೇಳಿದರು. ಅದೇ ಭಾಷಣದಲ್ಲಿ, ನಿಮ್ಮ ನಂಬಿಕೆಯನ್ನು ಶಂಕಿಸುವ ಮೊದಲು ನಿಮ್ಮ ಶಂಕೆಯನ್ನೇ ಶಂಕಿಸಿ ಎಂದೂ ಹೇಳಿದರು. ಜನರಿಗೆ ನೆನಪಿರುವುದು ಎರಡನೆಯ ಮಾತು ಮಾತ್ರ.

ನಿಜವಾಗಿ ನಡೆಯುವುದನ್ನು ಮಾರ್ಮನ್ನರು ‘ಶೆಲ್ಫ್’ ಎಂಬ ಪದದಲ್ಲಿ ಹೇಳುತ್ತಾರೆ. ಉತ್ತರ ಸಿಗದ ಪ್ರಶ್ನೆಯನ್ನು ಮೇಲಿನ ಹಲಗೆಯ ಮೇಲೆ ಇಟ್ಟು ಕೆಲಸ ಮುಂದುವರಿಸು ಎಂಬುದು ಹಳೆಯ ಬುದ್ಧಿಮಾತು. ನಮ್ಮ ಮನೆಗಳಲ್ಲಿ ಅಟ್ಟಕ್ಕೆ ಏರಿಸುವ ಹಾಗೆ. ಒಂದೊಂದೇ ಪೆಟ್ಟಿಗೆ ಏರುತ್ತ ಹೋಗುತ್ತದೆ, ಒಂದು ದಿನ ತೊಲೆ ಮುರಿಯುತ್ತದೆ. ಕೊನೆಯದಾಗಿ ಇಟ್ಟ ಪೆಟ್ಟಿಗೆಯನ್ನೇ ಎಲ್ಲರೂ ಕಾರಣವೆಂದು ತೋರಿಸುತ್ತಾರೆ, ಅದು ಹಗುರವಾದದ್ದೂ ಆಗಿರಬಹುದು.

ಅಟ್ಟದ ಮೇಲೆ ಏನಿರುತ್ತದೆ? ಮೊದಲನೆಯದು ಅನುವಾದದ ರೀತಿ. ದಶಕಗಳ ಕಾಲ ಸಭೆಯ ಪುಸ್ತಕಗಳ ಚಿತ್ರಗಳಲ್ಲಿ ಜೋಸೆಫ್ ಮೇಜಿನ ಮುಂದೆ ಕೂತು ಚಿನ್ನದ ಹಲಗೆಗಳ ಮೇಲೆ ಬೆರಳಾಡಿಸುತ್ತ ಓದುತ್ತಿದ್ದ. ಜೊತೆಗಿದ್ದವರು ಬರೆದಿಟ್ಟದ್ದು ಬೇರೆ: ಆತ ಒಂದು ಕಲ್ಲನ್ನು ಟೋಪಿಯೊಳಗೆ ಹಾಕಿ, ಬೆಳಕು ಬೀಳದಂತೆ ಮುಖವನ್ನು ಅದರಲ್ಲಿ ಹುದುಗಿಸಿ ವಾಕ್ಯಗಳನ್ನು ಹೇಳುತ್ತಿದ್ದ, ಹಲಗೆಗಳು ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿದ್ದವು. 2013ರ ಕೊನೆಗೆ ಸಭೆಯೇ ಇದನ್ನು ಪ್ರಬಂಧವಾಗಿ ಪ್ರಕಟಿಸಿತು. 2015ರ ಆಗಸ್ಟ್‌ನಲ್ಲಿ ಆ ಕಂದು ಬಣ್ಣದ ಕಲ್ಲಿನ ಫೋಟೋ ಹೊರಬಂತು. ಟೋಪಿಯಲ್ಲಿ ಕಲ್ಲಿಟ್ಟು ನೋಡುವುದು ಹಲಗೆ ಓದುವುದಕ್ಕಿಂತ ಹೆಚ್ಚು ಅಸಂಭವವೇನಲ್ಲ, ದೇವರಿಗೆ ಎರಡೂ ಒಂದೇ. ಆದರೆ ಮೂವತ್ತು ವರ್ಷ ಪಾಠ ಹೇಳಿದ ಮಾಸ್ತರಿಗೆ ಆ ಚಿತ್ರ ಸುಳ್ಳೆಂದು ಗೊತ್ತಾದಾಗ ನೋಯುವುದು ಕಲ್ಲಿನಿಂದ ಅಲ್ಲ. ‘ಟೋಪಿ, ಕಲ್ಲು ಎಂದವರನ್ನು ನಾನೇ ಸುಳ್ಳುಗಾರರು ಎಂದಿದ್ದೆನಲ್ಲ’ ಎಂಬ ನಾಚಿಕೆಯಿಂದ.

ಎರಡನೆಯದು ಅಬ್ರಹಾಮನ ಗ್ರಂಥ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅನುವಾದವನ್ನು ಮೂಲದೊಂದಿಗೆ ಹೋಲಿಸಿ ನೋಡಲು ಸಿಗುವ ಅಪರೂಪದ ಜಾಗ ಇದು. 1835ರಲ್ಲಿ ಒಹಾಯೊದ ಕರ್ಟ್‌ಲ್ಯಾಂಡಿಗೆ ಒಬ್ಬ ಪ್ರದರ್ಶಕ ಈಜಿಪ್ಟಿನ ಮಮ್ಮಿಗಳನ್ನೂ ಪಪೈರಸ್ ಸುರುಳಿಗಳನ್ನೂ ತಂದ. ಅವನ್ನು 2,400 ಡಾಲರಿಗೆ ಕೊಂಡರು. ಸುರುಳಿಯಲ್ಲಿರುವುದು ಅಬ್ರಹಾಮನ ಬರಹವೆಂದು ಜೋಸೆಫ್ ಹೇಳಿದ. ಅನುವಾದ 1842ರಲ್ಲಿ ಅಚ್ಚಾಯಿತು, ಇಂದು ಅದು ಧರ್ಮಗ್ರಂಥ. ಸುರುಳಿಗಳು ಷಿಕಾಗೋದ ಬೆಂಕಿಯಲ್ಲಿ ಸುಟ್ಟುಹೋದವೆಂದೇ ಎಲ್ಲರೂ ನಂಬಿದ್ದರು. ಆಮೇಲೆ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಿಕ್ಕವು. 1967ರ ನವೆಂಬರ್‌ನಲ್ಲಿ ಸಭೆಯ ಕೈ ಸೇರಿದವು. ಅಷ್ಟರಲ್ಲಿ ಈಜಿಪ್ಟಿನ ಲಿಪಿಯನ್ನು ಓದಬಲ್ಲವರು ಲೋಕದಲ್ಲಿದ್ದರು. ತುಣುಕುಗಳಲ್ಲಿರುವುದು ಸತ್ತವರ ಜೊತೆ ಇಡುವ ಅಂತ್ಯಕ್ರಿಯೆಯ ಪಠ್ಯ. ಬರೆದದ್ದು ಅಬ್ರಹಾಮನ ಕಾಲಕ್ಕಿಂತ ಬಹಳ ಈಚೆಗೆ. ಅದರ ಅಕ್ಷರಗಳಿಗೂ ಅಚ್ಚಾದ ಅನುವಾದಕ್ಕೂ ಹೊಂದಿಕೆಯಿಲ್ಲವೆಂದು ಮಾರ್ಮನ್ ವಿದ್ವಾಂಸರೂ ಹೊರಗಿನವರೂ ಒಪ್ಪುತ್ತಾರೆ ಎಂದು ಸಭೆಯ 2014ರ ಪ್ರಬಂಧವೇ ಬರೆದಿದೆ. ಸಮರ್ಥಿಸುವವರು ಎರಡು ದಾರಿ ಹಿಡಿಯುತ್ತಾರೆ: ನಿಜವಾದ ಮೂಲ ಕಳೆದುಹೋದ ಭಾಗದಲ್ಲಿತ್ತು, ಇಲ್ಲವೇ ಸುರುಳಿ ಕೇವಲ ಪ್ರೇರಣೆ, ಪಠ್ಯ ನೇರ ದೇವರಿಂದ ಬಂತು. ಎರಡನೆಯದನ್ನು ಒಪ್ಪಿದರೆ ‘ಅನುವಾದ’ ಎಂಬ ಪದಕ್ಕೆ ಉಳಿಯುವ ಅರ್ಥವೇನು ಎಂಬ ಪ್ರಶ್ನೆ ಮಾರ್ಮನ್ ಗ್ರಂಥದ ಕಡೆಗೂ ತಿರುಗುತ್ತದೆ. ಸರಪಳಿ ಎಂದದ್ದು ಇದಕ್ಕೇ.

ಬಹುಪತ್ನಿತ್ವ ಎಲ್ಲರಿಗೂ ಗೊತ್ತಿರುವ ಸಂಗತಿ. 1890ರಲ್ಲಿ ಸಭೆ ಅದನ್ನು ಅಧಿಕೃತವಾಗಿ ಕೈಬಿಟ್ಟಿತು. ಗೊತ್ತಿಲ್ಲದಿದ್ದದ್ದು ವಿವರ. ಜೋಸೆಫ್‌ಗೆ ಮೂವತ್ತರಿಂದ ನಲವತ್ತು ಪತ್ನಿಯರಿದ್ದಿರಬಹುದು, ಒಬ್ಬಳಿಗೆ ಹದಿನೈದು ತುಂಬಲು ಇನ್ನೂ ಕೆಲವು ತಿಂಗಳಿತ್ತು, ಕೆಲವರಿಗೆ ಆಗಲೇ ಗಂಡಂದಿರಿದ್ದರು. ಇದೂ 2014ರ ಅಧಿಕೃತ ಪ್ರಬಂಧದಲ್ಲಿದೆ. ಹೆಣ್ಣುಮಕ್ಕಳ ತಾಯಂದಿರು ಅಲ್ಲಿಗೆ ನಿಂತುಬಿಡುತ್ತಾರೆ.

ಚರಿತ್ರೆಯ ಪ್ರಶ್ನೆಗಳಿಗೆ ವಾದ ಹೂಡಬಹುದು. ಇನ್ನೊಂದು ಬಗೆಯ ಪೆಟ್ಟಿಗೆಗಳಿವೆ, ಅವು ಜೀವಂತ ಪ್ರವಾದಿಯ ಮಾತಿಗೆ ಸಂಬಂಧಿಸಿದವು. 1852ರಿಂದ 1978ರ ಜೂನ್‌ವರೆಗೆ ಕಪ್ಪು ಜನಾಂಗದ ಗಂಡಸರಿಗೆ ಯಾಜಕತ್ವ ಇರಲಿಲ್ಲ. ಇದು ದೇವರ ನೇರ ಆಜ್ಞೆಯೆಂದು 1949ರಲ್ಲಿ ಮೊದಲ ಅಧ್ಯಕ್ಷ ಮಂಡಳಿ ಹೇಳಿತ್ತು; ಅದಕ್ಕೆ ಕೊಡುತ್ತಿದ್ದ ಕಾರಣಗಳನ್ನು 2013ರ ಪ್ರಬಂಧ ತಳ್ಳಿಹಾಕಿತು. ಮತ್ತೆ 2015ರ ನವೆಂಬರ್‌ನಲ್ಲಿ ಸಲಿಂಗ ದಂಪತಿಯ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಾರದೆಂಬ ನಿಯಮ ಬಂತು. 2016ರ ಜನವರಿಯಲ್ಲಿ ನೆಲ್ಸನ್ ಅದನ್ನು ದೈವಪ್ರಕಟಣೆ ಎಂದರು. 2019ರ ಏಪ್ರಿಲ್‌ನಲ್ಲಿ, ಅವರೇ ಅಧ್ಯಕ್ಷರಾಗಿದ್ದಾಗ, ನಿಯಮ ಹಿಂದಕ್ಕೆ ಹೋಯಿತು. ನೂರು ವರ್ಷದ ಹಿಂದಿನ ತಪ್ಪನ್ನು ‘ಆ ಕಾಲದವರು’ ಎಂದು ಬಿಡಬಹುದು. ಮೂರೂವರೆ ವರ್ಷದ್ದನ್ನು ಹೇಗೆ ಬಿಡುವುದು? ದುಡ್ಡಿನ ಪೆಟ್ಟಿಗೆಯೂ ಇದೆ. ಷೇರು ಹೂಡಿಕೆಯ ಗಾತ್ರ ಕಾಣದಂತೆ ಹೆಸರಿಗಷ್ಟೇ ಇದ್ದ ಕಂಪನಿಗಳ ಹೆಸರಲ್ಲಿ ವಿವರ ಸಲ್ಲಿಸಿದ್ದಕ್ಕೆ 2023ರ ಫೆಬ್ರುವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಸಭೆಗೆ 10 ಲಕ್ಷ ಡಾಲರ್, ಅದರ ಹೂಡಿಕೆ ಸಂಸ್ಥೆಗೆ 40 ಲಕ್ಷ ಡಾಲರ್ ದಂಡ ಹಾಕಿದರು. ದಶಾಂಶ ಕೊಟ್ಟು ಬಾಡಿಗೆಗೆ ಪರದಾಡಿದವರಿಗೆ ಇದು ಯಾವ ಟೋಪಿ ಕಲ್ಲಿಗಿಂತಲೂ ಭಾರ.

ತೊಲೆ ಮುರಿದ ಮೇಲೆ ಏನಾಗುತ್ತದೆ ಎಂಬುದಕ್ಕೂ ಒಂದು ಕ್ರಮವಿದೆ. ಮೊದಲು ನಿಲ್ಲುವುದು ಮೈಕಿನ ಮುಂದೆ ಹೋಗುವುದು. ‘ಗೊತ್ತು’ ಎಂಬ ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ದಶಾಂಶ. ಆಮೇಲೆ ಟೆಂಪಲ್ ಪ್ರವೇಶಪತ್ರ. ಅದು ಎರಡು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಒಮ್ಮೆ ಬಿಷಪ್, ಇನ್ನೊಮ್ಮೆ ಸ್ಟೇಕ್ (ಹಲವು ವಾರ್ಡುಗಳ ಗುಂಪು) ಅಧ್ಯಕ್ಷರ ಕಡೆಯವರು, ಹೀಗೆ ಎರಡು ಸಂದರ್ಶನ. ಪ್ರವಾದಿಯನ್ನು ಒಪ್ಪುವೆಯಾ, ದಶಾಂಶ ಪೂರ್ತಿ ಕೊಡುವೆಯಾ, ಶೀಲ ಕಾಯುವೆಯಾ, ಪಥ್ಯ ಪಾಲಿಸುವೆಯಾ ಎಂಬೆಲ್ಲ ಪ್ರಶ್ನೆಗಳಿಗೆ ಹೌದು ಅಲ್ಲ ಎನ್ನಬೇಕು. ಪ್ರಾಮಾಣಿಕನೇ ಎಂಬುದೂ ಒಂದು ಪ್ರಶ್ನೆ. ಪ್ರಾಮಾಣಿಕವಾಗಿ ಶಂಕೆ ಹೇಳಿದವನ ಕೈಗೆ ಪತ್ರ ಸಿಗದೆ ಹೋಗಬಹುದು, ಬಾಯಿ ಮುಚ್ಚಿಕೊಂಡವನಿಗೆ ಸಿಗುತ್ತದೆ. ಪತ್ರವಿಲ್ಲದವರು ಸ್ವಂತ ಮಗಳ ಮದುವೆಗೂ ಟೆಂಪಲ್ ಒಳಗೆ ಹೋಗುವಂತಿಲ್ಲ, ಅಂಗಳದಲ್ಲಿ ಕಾಯಬೇಕು. ಅಮೆರಿಕದಲ್ಲಿ ಮೊದಲು ಹೊರಗೆ ಮದುವೆಯಾದರೆ ಟೆಂಪಲ್ ವಿಧಿಗೆ ಒಂದು ವರ್ಷ ಕಾಯಿಸುವ ನಿಯಮವೂ ಇತ್ತು. 2019ರ ಮೇ ತಿಂಗಳಲ್ಲಿ ಅದು ಹೋಯಿತು. ಇಂದಿನ ಕುಟುಂಬಗಳು ಎಲ್ಲರನ್ನೂ ಕರೆದು ಮೊದಲು ಹೊರಗೊಂದು ಮದುವೆ ಮಾಡಿಕೊಳ್ಳಬಹುದು. ಸಭೆ ಮಾಡಿದ ಒಳ್ಳೆಯ ತಿದ್ದುಪಡಿಗಳಲ್ಲಿ ಇದೊಂದು.

ಮನೆಯೊಳಗೆ ಕೆಡುವುದು ಹೆಚ್ಚಾಗಿ ಮೊದಲ ವಾರದಲ್ಲಿ. ಬಿಟ್ಟವನು ಆರು ತಿಂಗಳು ಗುಟ್ಟಾಗಿ ಓದಿದ್ದನ್ನು ಒಂದೇ ರಾತ್ರಿ ಹೆಂಡತಿಯ ಮುಂದೆ ಸುರಿಯುತ್ತಾನೆ. ಅವನಿಗೆ ಅದು ಪುರಾವೆ. ಅವಳಿಗೆ ಕೇಳಿಸುವುದು ಬೇರೆ: ಟೆಂಪಲ್ಲಿನಲ್ಲಿ ಮುದ್ರೆಯಾದ ಮದುವೆ ಸಾವಿನಾಚೆಗೂ ಇರುತ್ತದೆ, ಪರಲೋಕದ ಮೂರು ಮಹಿಮೆಗಳಲ್ಲಿ ಮೇಲಿನದರಲ್ಲಿ ಕುಟುಂಬ ಒಟ್ಟಿಗಿರುತ್ತದೆ ಎಂದು ಅವಳು ಕಲಿತಿದ್ದಾಳೆ. ಅಂದಮೇಲೆ ಗಂಡ ಹೇಳುತ್ತಿರುವುದು ‘ಆ ಮನೆಗೆ ನಾನು ಬರುವುದಿಲ್ಲ’ ಎಂದು. ಪುರಾವೆಯ ಪಟ್ಟಿ ಇನ್ನಷ್ಟು ಉದ್ದವಾದರೆ ಅವಳ ಅಳು ನಿಲ್ಲುವುದಿಲ್ಲ. ಇತ್ತ ನಂಬುವವರು ಮಾಡುವ ತಪ್ಪು, ಹೇಳದೆ ಕೇಳದೆ ಬಿಷಪ್ಪನನ್ನು ಮನೆಗೆ ಕರೆಸುವುದು. ಬಿಷಪ್ ಸಂಬಳವಿಲ್ಲದ ಗೃಹಸ್ಥ, ಹಗಲು ಹಲ್ಲಿನ ಡಾಕ್ಟರೋ ಅಕೌಂಟೆಂಟೋ ಆಗಿರುವವನು; ಪಪೈರಸ್ ವಿಷಯ ಆತನೂ ಓದಿರುವುದಿಲ್ಲ. ಸಭೆಯೇ ನಡೆಸುವ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದುವ ಮಾರ್ಮನ್ ಹುಡುಗರು ಇನ್ನೂ ಎಚ್ಚರವಾಗಿರಬೇಕು: ಸಭೆಗೆ ರಾಜೀನಾಮೆ ಕೊಟ್ಟರೆ ಧಾರ್ಮಿಕ ಅನುಮೋದನೆ ಹೋಗುತ್ತದೆ, ಅದು ಹೋದರೆ ಸೀಟೂ ಹೋಗುತ್ತದೆ. ಪದವಿ ಕೈಗೆ ಬರುವವರೆಗೆ ಸುಮ್ಮನಿರುವವರು ಅಲ್ಲಿ ಕಡಿಮೆಯಿಲ್ಲ.

ಬಿಟ್ಟವರಲ್ಲಿ ಬಹಳ ಜನ ಅಧಿಕೃತವಾಗಿ ಹೆಸರು ತೆಗೆಸುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರಷ್ಟೆ. ಸಭೆ ಹೇಳುವ 1 ಕೋಟಿ 70 ಲಕ್ಷಕ್ಕೂ ಹೆಚ್ಚಿನ ಸದಸ್ಯರಲ್ಲಿ ಅವರೂ ಸೇರಿದ್ದಾರೆ. ಹೆಸರು ತೆಗೆಸಬೇಕೆನ್ನುವವರು ಬಿಷಪ್ಪನಿಗೆ ಸಹಿ ಮಾಡಿದ ಪತ್ರ ಕೊಡಬೇಕು: ಪೂರ್ತಿ ಹೆಸರು, ಹುಟ್ಟಿದ ದಿನ, ವಿಳಾಸ, ಗೊತ್ತಿದ್ದರೆ ಸದಸ್ಯತ್ವ ಸಂಖ್ಯೆ, ‘ದಾಖಲೆಯಿಂದ ನನ್ನ ಹೆಸರು ತೆಗೆಯಿರಿ’ ಎಂಬ ಒಂದು ನೇರ ವಾಕ್ಯ. ಮೂರು ಪುಟ ದುಃಖ ತೋಡಿಕೊಂಡು ಕೊನೆಯಲ್ಲಿ ‘ಬಿಡಬೇಕೆನಿಸುತ್ತಿದೆ’ ಎಂದು ಬರೆದರೆ ಅದು ರಾಜೀನಾಮೆ ಅನಿಸಿಕೊಳ್ಳದು. ಸಾಂತ್ವನಕ್ಕೆ ಇಬ್ಬರು ಮನೆಗೆ ಬರುತ್ತಾರೆ. ಚಿಕ್ಕ ಮಕ್ಕಳದಾದರೆ ತಂದೆತಾಯಿಯ ಸಹಿ ಬೇಕು. ಹೆಸರು ತೆಗೆದರೆ ದೀಕ್ಷಾಸ್ನಾನ, ಯಾಜಕತ್ವ, ಟೆಂಪಲ್ ಆಶೀರ್ವಾದ ಎಲ್ಲ ರದ್ದು. ಮರಳಿ ಬರಬೇಕಾದರೆ ಮತ್ತೆ ನೀರಿಗಿಳಿಯಬೇಕು. ಸಭೆಯೇ ಹೊರಹಾಕುವುದು ಬೇರೆ ಪ್ರಕ್ರಿಯೆ. ಮೊದಲು ಅದಕ್ಕೆ ಬಹಿಷ್ಕಾರ ಎನ್ನುತ್ತಿದ್ದರು, 2020ರಿಂದ ‘ಸದಸ್ಯತ್ವ ಹಿಂತೆಗೆತ’ ಎನ್ನುತ್ತಾರೆ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: ಬಿಟ್ಟವರು ಹಾಗಾದರೆ ಆ ಎದೆಯ ಬಿಸಿಯನ್ನು ಏನು ಮಾಡುತ್ತಾರೆ?

ಬಹಳ ಜನ ಚೀಟಿಯನ್ನಷ್ಟೇ ಕಿತ್ತು ಅನುಭವವನ್ನು ಇಟ್ಟುಕೊಳ್ಳುತ್ತಾರೆ. ಸಂಗೀತ ಕೇಳುವಾಗ, ಮಗು ಹುಟ್ಟಿದಾಗ, ಸಿನಿಮಾದಲ್ಲಿ ಅಣ್ಣ ತಂಗಿ ಮತ್ತೆ ಸೇರಿದಾಗಲೂ ಅದೇ ಬಿಸಿ ಬರುವುದನ್ನು ಗಮನಿಸುತ್ತಾರೆ. ಜೋಸೆಫ್ ಸ್ಮಿತ್ ಸತ್ತ ಮೇಲೆ ಒಡೆದುಹೋದ ಇತರ ಶಾಖೆಗಳವರೂ ಅದೇ ಗ್ರಂಥ ಹಿಡಿದು, ಅದೇ ಪ್ರಾರ್ಥನೆ ಮಾಡಿ, ತಮ್ಮ ಶಾಖೆಯೇ ಸರಿ ಎಂಬ ಉತ್ತರ ಪಡೆದಿರುವುದನ್ನು ಓದುತ್ತಾರೆ. ಕೆಲವರು ಬೇರೆ ಕ್ರೈಸ್ತ ಸಭೆ ಸೇರುತ್ತಾರೆ, ಹಲವರು ಎಲ್ಲಿಯೂ ಸೇರುವುದಿಲ್ಲ.

ಇದು ಹೊಸದೇನೂ ಅಲ್ಲ. ಮಾರ್ಮನ್ ಗ್ರಂಥದ ಮೊದಲ ಪುಟಗಳಲ್ಲಿ ಮೂವರ ಸಾಕ್ಷ್ಯ ಅಚ್ಚಾಗಿದೆ: ದೇವದೂತನನ್ನು, ಚಿನ್ನದ ಹಲಗೆಗಳನ್ನು ಕಂಡೆವು ಎಂದು. ಆಲಿವರ್ ಕೌಡರಿ, ಡೇವಿಡ್ ವಿಟ್ಮರ್, ಮಾರ್ಟಿನ್ ಹ್ಯಾರಿಸ್. 1838 ಮುಗಿಯುವಷ್ಟರಲ್ಲಿ ಮೂವರೂ ಸಭೆಯ ಹೊರಗಿದ್ದರು. ಕೌಡರಿ 1848ರಲ್ಲಿ, ಹ್ಯಾರಿಸ್ 1870ರಲ್ಲಿ ಮರಳಿದರು. ವಿಟ್ಮರ್ ಮರಳಲಿಲ್ಲ. ಮುದುಕನಾಗಿ ಮಿಸೌರಿಯ ರಿಚ್ಮಂಡ್‌ನಲ್ಲಿದ್ದಾಗ, 1887ರಲ್ಲಿ, ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಹಲಗೆಗಳನ್ನು ಕುರಿತ ತನ್ನ ಸಾಕ್ಷ್ಯವನ್ನು ಅದರಲ್ಲಿ ಒಂದಿಷ್ಟೂ ಹಿಂತೆಗೆದುಕೊಳ್ಳಲಿಲ್ಲ. ಬದಲಿಗೆ ಹೀಗೊಂದು ಮಾತು ಸೇರಿಸಿದ: ದೇವರು ಅಂದು ತನ್ನ ಸ್ವಂತ ದನಿಯಲ್ಲಿ ನಮ್ಮೊಡನೆ ಮಾತಾಡಿದ್ದನ್ನು ನೀವು ನಂಬುವುದಾದರೆ ಇದನ್ನೂ ಕೇಳಿ. 1838ರ ಜೂನ್‌ನಲ್ಲಿ ದೇವರು ಅದೇ ದನಿಯಲ್ಲಿ ಮತ್ತೆ ಮಾತಾಡಿ, ಈ ಸಂತರ ಗುಂಪನ್ನು ಬಿಟ್ಟು ಬಾ ಎಂದ.